ಲಾಕ್‌ಡೌನಿನಲ್ಲಿ ಮನೆಯ ಕೋವಿ: ನಾನು ಇಟ್ಟುಕೊಂಡ ರೂಢಿಗಳು

2020ರ ಮಾರ್ಚಿನಲ್ಲಿ ಅಮೆರಿಕದ ಕೋವಿ ಅಂಗಡಿಗಳ ಮುಂದೆ ಜನ ಸಾಲು ನಿಂತದ್ದನ್ನು ಟೀವಿಯಲ್ಲಿ ತೋರಿಸಿದ್ದೇ ತಡ, ಪೇಟೆಯ ನೆಂಟರದ್ದೆಲ್ಲ ಒಂದೇ ಮಾತು: "ನಿಮಗೇನು ಮಾರಾಯ್ರೆ, ಮನೆಯಲ್ಲಿ ಕೋವಿ ಉಂಟಲ್ಲ." ಕಾರ್ಕಳ, ಹೆಬ್ರಿ ಕಡೆಯ ತೋಟದ ಮನೆಗಳ ಕೋವಿ ಆ ಜಾತಿಯದ್ದಲ್ಲ. ಇದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಕೇಪಿನದ್ದು (ಬಾಯಿಯಿಂದ ಮದ್ದು ತುಂಬಿಸಿ, ಕೇಪು ಎಂಬ ಸಣ್ಣ ಸಿಡಿಯುವ ಟೊಪ್ಪಿಯಿಂದ ಹಾರಿಸುವಂಥದ್ದು), ಒಂಟಿ ನಳಿಗೆಯದ್ದು, ಹೆಚ್ಚೆಂದರೆ ಜೋಡಿ ನಳಿಗೆಯದ್ದು. ಮಂಗನ ಹಿಂಡು ಎಳನೀರಿಗೆ ಕೈಯಿಟ್ಟಾಗ ಗುಡ್ಡದ ಕಡೆಗೆ ಒಂದು ಈಡು ಬಿಡುವುದಕ್ಕೆ ಇರುವಂಥದ್ದು. ವೈರಾಣುವಿಗೂ ಅದಕ್ಕೂ ಸಂಬಂಧವಿಲ್ಲ ಅಂತಲೇ ಅನಿಸುತ್ತದೆ. ಆದರೆ ಆ ಎರಡು ವರ್ಷ ಕೋವಿಯ ವಿಷಯದಲ್ಲಿ ನನ್ನ ಹಳೆಯ ಅಭ್ಯಾಸಗಳಲ್ಲಿ ಅರ್ಧಕ್ಕರ್ಧ ಬದಲಾಯಿಸಬೇಕಾಯಿತು.

ಮೊದಲನೆಯದು ಇಡುವ ಜಾಗ. ನಮ್ಮ ಹಳೆಯ ವ್ಯವಸ್ಥೆಯೆಲ್ಲ ಹಗಲು ಖಾಲಿ ಇರುವ ಮನೆಗೆ ಹೊಂದಿಕೊಂಡಿತ್ತು. ಮಕ್ಕಳು ಶಾಲೆಗೆ, ದೊಡ್ಡವರು ತೋಟಕ್ಕೆ, ಕಪಾಟಿನ ಕೀ ದೇವರ ಪಟದ ಹಿಂದಿನ ಮೊಳೆಗೆ. ಲಾಕ್‌ಡೌನಿನಲ್ಲಿ ಮನೆ ತುಂಬಿತು. ಬೆಂಗಳೂರು, ಮುಂಬಯಿಯಿಂದ ಬಂದವರು, ಅವರ ಮಕ್ಕಳು, ದಿನವಿಡೀ ಕೆಲಸವಿಲ್ಲದೆ ಅಟ್ಟದಿಂದ ಹಟ್ಟಿಯವರೆಗೆ ಸುತ್ತುವವರು. ಇಂಥ ಮನೆಯಲ್ಲಿ ಪಟದ ಹಿಂದಿನ ಕೀ ಎರಡು ದಿನ ಗುಟ್ಟಾಗಿ ಉಳಿದರೆ ಹೆಚ್ಚು. ಹಾಗಾಗಿ ಮೂರು ಜಾಗದ ಪದ್ಧತಿಗೆ ಬಂದೆ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯನ್ನು ಮಡಚಿ, ಚೇಂಬರಿಗೆ ಬೆರಳು ಹಾಕಿ ಖಾಲಿ ಅಂತ ಖಾತ್ರಿ ಮಾಡಿಕೊಂಡು, ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿದರೆ ನಳಿಗೆ ಬೇರೆಯಾಗುತ್ತದೆ. ನಳಿಗೆ ಒಂದು ಕಪಾಟಿನಲ್ಲಿ, ಮರದ ಹಿಡಿ ಮತ್ತು ಟ್ರಿಗರಿನ ಭಾಗ ಇನ್ನೊಂದು ಕೋಣೆಯ ಬೀಗದ ಪೆಟ್ಟಿಗೆಯಲ್ಲಿ, ತೋಟೆ ಮೂರನೆಯ ಕಡೆ. ಎರಡು ಕೀ ನನ್ನ ಉಡಿದಾರದಲ್ಲಿ, ತೋಟೆಯ ಕೀ ಮನೆಯವಳ ಹತ್ತಿರ. ಬೆಳಿಗ್ಗೆ ಮಂಗ ಬಂದಾಗ ಜೋಡಿಸುವುದಕ್ಕೆ ಮೂರು ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಐದಾರು ಬೊಂಡ (ಎಳನೀರು) ಹೋದರೆ ಹೋಗಲಿ.

ಕೇಪಿನ ಕೋವಿ ಇರುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಉಂಟು. ಅದನ್ನು ತುಂಬಿಸುವುದು ಸುಲಭ, ಖಾಲಿ ಮಾಡುವುದು ಕಷ್ಟ. ಅದಕ್ಕೇ ಎಷ್ಟೋ ಮನೆಗಳಲ್ಲಿ ಮದ್ದು, ಚರೆ ತುಂಬಿಸಿ, ಕೇಪು ಮಾತ್ರ ತೆಗೆದು ಮೂಲೆಗೆ ಒರಗಿಸುತ್ತಾರೆ. "ಕೇಪು ಇಲ್ಲವಲ್ಲ" ಅನ್ನುವುದು ಸಮಾಧಾನವೇ ಅಲ್ಲ. ಕೇಪು ಬೆಂಕಿಪೆಟ್ಟಿಗೆಯ ಹತ್ತಿರ ಅದೇ ಗೂಡಿನಲ್ಲಿರುತ್ತದೆ. ತುಂಬಿದೆಯೋ ಖಾಲಿಯೋ ನೋಡುವುದು ಹೀಗೆ: ಖಾಲಿ ಅಂತ ಗೊತ್ತಿರುವಾಗ ಗಜವನ್ನು (ಮದ್ದು ಜಡಿಯುವ ಉದ್ದ ಕೋಲನ್ನು) ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಕೆಂಪು ಪೈಂಟಿನ ಗೆರೆ ಹಾಕಬೇಕು. ಆಮೇಲೆ ಯಾವಾಗ ಇಳಿಸಿದರೂ ಗೆರೆ ಬಾಯಿಯ ಮಟ್ಟಕ್ಕೇ ಬಂದರೆ ಖಾಲಿ. ಗೆರೆ ಮೂರು ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಮದ್ದು ಉಂಟು. ನೋಡುವಾಗ ಕೇಪು ಇಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಮುಖ, ಅಂಗೈ ನಳಿಗೆಯ ಬಾಯಿಯ ನೇರಕ್ಕೆ ಬರಬಾರದು. ತುಂಬಿದ್ದು ಅಂತ ಕಂಡರೆ ಗುಡ್ಡದ ಮಣ್ಣಿನ ದರೆಗೆ ಬಿಟ್ಟು ಖಾಲಿ ಮಾಡಿಯೇ ಮನೆಯೊಳಗೆ ತರುವುದು. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣ ತಿನ್ನುತ್ತದೆ. ಆದ್ದರಿಂದ ಬಿಟ್ಟ ದಿನವೇ ಬಿಸಿನೀರು ಸೋಪಿನಿಂದ ತೊಳೆದು, ಒಣಬಟ್ಟೆ ಎಳೆದು, ಬಿಸಿ ಇರುವಾಗಲೇ ಎಣ್ಣೆ ಕೊಡಬೇಕು.

ಕೀಯ ಮಾತು ಬಂದಾಗ ಇನ್ನೊಂದನ್ನೂ ಹೇಳಲೇಬೇಕು. ಊರಿಗೆ ಬಂದವರಲ್ಲಿ ಕೆಲಸ ಹೋದವರಿದ್ದರು, ಹೋಟೆಲು ಮುಚ್ಚಿ ಸಾಲ ಮಾತ್ರ ಉಳಿದವರಿದ್ದರು. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಗೋಡೆ ನೋಡುತ್ತ ಕೂತರೆ, ಅಥವಾ ಕುಡಿತದ ಅಭ್ಯಾಸವಿದ್ದವರಿಗೆ ಸಾರಾಯಿ ಸಿಗದೆ ಕೈ ನಡುಗಿ ಸಿಟ್ಟು ಹೆಚ್ಚಾದರೆ, ಬೀಗದ ಮೇಲೆ ಭರವಸೆ ಇಡುವುದಲ್ಲ. ಕೋವಿ ಮನೆಯಿಂದ ಹೊರಗೆ ಹೋಗಬೇಕು. ಠಾಣೆಗೆ ಫೋನು ಮಾಡಿ ತಿಳಿಸಿ, ಲೈಸೆನ್ಸ್ ಪುಸ್ತಕದ ಜೊತೆ ತಗೊಂಡು ಹೋಗಿ ಠೇವಣಿ ಇಡುವುದು, ಇಲ್ಲವೆ ಪರವಾನಿಗೆಯುಳ್ಳ ಕೋವಿ ಅಂಗಡಿ ತೆರೆದಿದ್ದರೆ ಅಲ್ಲಿ ಇಡುವುದು. ಕಾರಣ ಕೇಳಿದರೆ "ಮನೆಯಲ್ಲಿ ಜನ ಜಾಸ್ತಿ" ಅಂದರೆ ಸಾಕು. ರಶೀದಿಯಲ್ಲಿ ಕೋವಿಯ ನಂಬರು, ನಳಿಗೆಯ ಸ್ಥಿತಿ, ತೋಟೆಯ ಲೆಕ್ಕ ಬರೆಸಿಕೊಳ್ಳಬೇಕು. ಇದರಲ್ಲಿ ಮರ್ಯಾದೆಗೆ ಕಡಿಮೆಯಾಗುವುದು ಏನೂ ಇಲ್ಲ.

ಕ್ವಾರಂಟೈನಿಗೆ ಕೋಣೆ ಕೊಡುವಾಗ ಎಲ್ಲರೂ ನೋಡುತ್ತಿದ್ದುದು ಬಚ್ಚಲು ಹತ್ತಿರ ಉಂಟೋ ಇಲ್ಲವೋ ಅಂತ. ಹಳೆಯ ಮನೆಗಳಲ್ಲಿ ಅಂಥ ಪ್ರತ್ಯೇಕ ಕೋಣೆ ಎಂದರೆ ಚಾವಡಿಯ ಪಕ್ಕದ್ದು ಅಥವಾ ಮಾಳಿಗೆಯದ್ದು, ಕೋವಿಯ ಕಪಾಟು ಇರುವುದೂ ಹೆಚ್ಚಾಗಿ ಅಲ್ಲೇ. ಬಾಗಿಲು ಹಾಕಿಕೊಂಡು 14 ದಿನ ಒಬ್ಬನೇ ಕೂತವನ ಜೊತೆ ಕೋವಿ ಇರಬಾರದು. ಚಾಪೆ ಹಾಸುವ ಮೊದಲು ಕಪಾಟು ಖಾಲಿ ಮಾಡುವುದು. ಅದಲ್ಲದೆ ಆಮೇಲೆ ಆ ಕೋಣೆಗೆ ಔಷಧಿ ಸಿಂಪಡಿಸುತ್ತಿದ್ದರು. ಸೋಡಿಯಂ ಹೈಪೋಕ್ಲೋರೈಟ್ ಆಗಲಿ ಬ್ಲೀಚಿಂಗ್ ಪುಡಿಯ ನೀರಾಗಲಿ ಉಕ್ಕಿಗೆ ವಿಷ. ನಳಿಗೆಯ ಕಪ್ಪು-ನೀಲಿ ಬಣ್ಣವನ್ನು ಎಬ್ಬಿಸಿ ಕಂದು ತುಕ್ಕು ಹಿಡಿಸುತ್ತದೆ. ಹನಿ ನೇರ ಬೀಳಬೇಕೆಂದಿಲ್ಲ, ಮುಚ್ಚಿದ ಕೋಣೆಯಲ್ಲಿ ಅದರ ಆವಿಯೇ ಸಾಕು. ಬಿದ್ದಿದ್ದರೆ ಸಾದಾ ನೀರಿನ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಒಣಗಿಸಿ, ತಕ್ಷಣ ಎಣ್ಣೆ. ಸ್ಯಾನಿಟೈಸರಿನದ್ದು ಬೇರೆ ಕತೆ. ಹಳೆಯ ಕೋವಿಗಳ ಹಿಡಿಗೆ ಅರಗಿನ ಪಾಲಿಶ್ ಇರುತ್ತದೆ, ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲು ಹಿಡಿ ಮುಟ್ಟಿದರೆ ಬೆರಳಚ್ಚು ಬಿಳಿಯಾಗಿ ಕೂರುತ್ತದೆ, ಆಮೇಲೆ ಪುನಃ ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಒದ್ದೆ ಸ್ಯಾನಿಟೈಸರ್ ಕೈಯಲ್ಲಿ ಮದ್ದು, ಕೇಪು ಮುಟ್ಟುವುದಂತೂ ಬೆಂಕಿಯ ಜೊತೆ ಆಟ. ಕೋವಿಯ ಕೆಲಸಕ್ಕೆ ಸೋಪು ನೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳುವುದೇ ಸರಿ.

ಕರಾವಳಿಯಲ್ಲಿ ಕೋವಿಯ ನಿಜವಾದ ಶತ್ರು ಮಳೆಗಾಲ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಬಂದು, ಜೂನಿಗೆ ಮಾಡುವ ತಯಾರಿಯನ್ನು ಹದಿನೈದು ದಿನ ಮೊದಲೇ ಮಾಡಿಸಿತು. ಲಾಕ್‌ಡೌನಿನಲ್ಲಿ ಕೋವಿ ಎಣ್ಣೆ ಸಿಗದಿದ್ದರೆ ಚಿಂತೆಯಿಲ್ಲ, ಹೊಲಿಗೆ ಮೆಷಿನ್ನಿನ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ. ದಿನ ಕಳೆದಂತೆ ಕಮಟು ಹಿಡಿದು, ಅಂಟಾಗಿ, ಸ್ಪ್ರಿಂಗಿನ ಸಂದಿಯಲ್ಲಿ ಧೂಳು ಕೂಡಿಸುತ್ತದೆ. ಡಬ್ಲ್ಯುಡಿ-40 ತೇವ ಓಡಿಸಲು ಒಳ್ಳೆಯದು, ಆದರೆ ಆರಿಹೋಗುತ್ತದೆ. ಅದರ ಮೇಲೆ ಎಣ್ಣೆ ಬೇಕೇ ಬೇಕು. ನಳಿಗೆಯೊಳಗೆ ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ತುಕ್ಕು ಕಂಡರೆ ಹಿತ್ತಾಳೆ ಬ್ರಷ್ಷು, ಆಮೇಲೆ ಒಣಬಟ್ಟೆ ಬೆಳ್ಳಗೆ ಹೊರಬರುವವರೆಗೆ, ಕೊನೆಗೆ ಏಳೆಂಟು ಹನಿ ಎಣ್ಣೆ ಹಾಕಿದ ಬಟ್ಟೆ ಒಂದು ಸಲ. ಸುರಿಯುವುದು ತಪ್ಪು. ಹೆಚ್ಚಾದ ಎಣ್ಣೆ ಇಳಿದು ಮರಕ್ಕೆ ಸೇರಿದರೆ ಹಿಡಿಯ ತಲೆ ಮೆತ್ತಗಾಗಿ ಬಿರುಕು ಬಿಡುತ್ತದೆ. ನಳಿಗೆ ಕಳಚದೆ ಇಡುವ ಕೇಪಿನ ಕೋವಿಯಾದರೆ, ಎಣ್ಣೆ ಕೊಟ್ಟ ಮೊದಲ ರಾತ್ರಿ ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು.

ಚರ್ಮದ್ದಾಗಲಿ ಕ್ಯಾನ್ವಾಸಿನದ್ದಾಗಲಿ, ಚೀಲದೊಳಗೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೋವಿ ಇಟ್ಟರೆ ಮರುತಿಂಗಳು ಸೋಣದಲ್ಲಿ ತೆಗೆಯುವಾಗ ಚೀಲದ ಹೊಲಿಗೆಯ ಗುರುತೇ ತುಕ್ಕಾಗಿ ನಳಿಗೆಯ ಮೇಲೆ ಬಂದಿರುತ್ತದೆ. ಚೀಲ ಸಾಗಿಸುವುದಕ್ಕೆ ಮಾತ್ರ. ಕಬ್ಬಿಣದ ಕಪಾಟಿನಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್ ತೆಳುಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿದರೆ ಆಯಿತು. (ಆ ಕಾವಲಿಯಲ್ಲಿ ಮತ್ತೆ ದೋಸೆ ಬೇಡ.) ಜುಲೈಯಲ್ಲಿ ವಾರಕ್ಕೊಮ್ಮೆ ಹುರಿಯಬೇಕಾಗುತ್ತದೆ. ಹೊಳೆ ಬದಿಯ ಮನೆಯವರು ಕಪಾಟನ್ನು ಮಾಳಿಗೆಗೆ ಏರಿಸುವುದು ಒಳ್ಳೆಯದು. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಉಡುಪಿಯ ಸುತ್ತ ಎಷ್ಟು ಮನೆಗಳ ಒಳಗೆ ನೀರು ಬಂತು ಅನ್ನುವುದು ಇಲ್ಲಿಯವರಿಗೆ ನೆನಪುಂಟು.

ತೋಟೆಯ ವಿಷಯ. ಕೋವಿ ಅಂಗಡಿ ಅಗತ್ಯ ಸೇವೆಯಲ್ಲ, ಆದ್ದರಿಂದ ಇದ್ದದ್ದರಲ್ಲೇ ನಡೆಸಬೇಕಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು 12 ಬೋರಿನ, ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್. ಬಾಯಿ ಅಗಲದ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಆ ಬಾಟಲಿಯನ್ನು ಬೀಗದ ಪೆಟ್ಟಿಗೆಯಲ್ಲಿಟ್ಟರೆ ತೇವ ತಾಗುವುದಿಲ್ಲ. ಹಳೆಯದ್ದು ಮೇಲೆ, ಹೊಸದ್ದು ಕೆಳಗೆ. ತೋಟೆಗೆ ಎಣ್ಣೆ ಮುಟ್ಟಿಸಬಾರದು, ಹಿಂದಿನ ಕೇಪಿಗೆ ಎಣ್ಣೆ ಇಳಿದರೆ ಹಾರುವುದಿಲ್ಲ. ಉಬ್ಬಿದೆಯೋ ನೋಡಲು, ಹಿಡಿಯಿಂದ ಪೂರ್ತಿ ಕಳಚಿದ ನಳಿಗೆಯ ಚೇಂಬರಿಗೆ ಒಂದೊಂದನ್ನೇ ಬಿಡಬೇಕು. ತನ್ನ ಭಾರಕ್ಕೆ ಇಳಿದು, ಬಗ್ಗಿಸಿದರೆ ಹೊರಗೆ ಬಿದ್ದರೆ ಸರಿ. ಒತ್ತಿ ಕೂರಿಸಬೇಕಾದದ್ದನ್ನು ಬೇರೆ ತೆಗೆದಿಟ್ಟು, ಅಂಗಡಿ ತೆರೆದ ಮೇಲೆ ಅಲ್ಲಿಗೇ ಒಪ್ಪಿಸುವುದು. ಒಲೆಗೆ, ಬಾವಿಗೆ ಹಾಕುವುದಲ್ಲ. ಪಕ್ಕದ ಮನೆಯ ತೋಟೆಯನ್ನು ಸಾಲ ತರುವುದು ಕಾನೂನಿಗೆ ವಿರುದ್ಧ, ಕೋವಿಗೂ ಅಪಾಯ. ಹಳೆಯ ನಳಿಗೆಗಳ ಚೇಂಬರು 65 ಮಿಲಿಮೀಟರಿನದ್ದು, ಅದಕ್ಕೆ 70ರ ತೋಟೆ ನುಂಗಿದ ಹಾಗೆ ಹೋಗಿ ಕೂರುತ್ತದೆ. ಆದರೆ ಬಿಟ್ಟಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಂಕಿ ನಳಿಗೆಯ ಅಡಿಯಲ್ಲೇ ಕೆತ್ತಿರುತ್ತದೆ. ಟ್ರಿಗರ್ ಎಳೆದೂ ಈಡು ಹಾರದಿದ್ದರೆ ತಕ್ಷಣ ಮಡಚಬಾರದು. ಬಾಯಿ ಮಣ್ಣಿನ ಕಡೆಗೇ ಇಟ್ಟು ನಿಧಾನವಾಗಿ ಅರವತ್ತು ಎಣಿಸಿ ಆಮೇಲೆ ತೆರೆಯುವುದು. ತೇವ ಹಿಡಿದದ್ದು ತಡವಾಗಿ ಹಾರುವುದುಂಟು.

ನನ್ನ ಲೆಕ್ಕದಲ್ಲಿ ವಾರಕ್ಕೆ ಎರಡು ಈಡು ಧಾರಾಳ. ಮಂಗಗಳಿಗೆ ಶಬ್ದಕ್ಕಿಂತ ಮನುಷ್ಯನ ಗುರುತು ಮುಖ್ಯ. ಒಂದು ಸಲ ಈಡು ಬಿಟ್ಟಾಗ ಹಾಕಿದ್ದ ಅಂಗಿಯನ್ನೇ ಹಾಕಿಕೊಂಡು, ಅದೇ ದಿಕ್ಕಿನಿಂದ, ಒಂದು ಕೋಲು ಹೆಗಲಿಗಿಟ್ಟು ಬಂದರೆ ನಾಲ್ಕೈದು ದಿನ ಓಡುತ್ತವೆ. ಆಮೇಲೆ ಮೋಸ ಗೊತ್ತಾಗುತ್ತದೆ, ಮತ್ತೊಂದು ಈಡು ಬೇಕು. ಗರ್ನಾಲು ಪಟಾಕಿ ಸಿಗದ ಆ ದಿನಗಳಲ್ಲಿ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ಕೋವಿ ಮಾಡಿದವರಿದ್ದರು. ಸಿಡಿಯಲಿಲ್ಲ ಅಂತ ಇಣುಕಿ ನೋಡುವವನ ಕಣ್ಣಿಗೇ ಅದು ಹೊಡೆಯುವುದು. ನಾನಂತೂ ಹತ್ತಿರ ಸೇರಿಸುವುದಿಲ್ಲ. ಇನ್ನು, ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಪರವಾನಿಗೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಲಾಕ್‌ಡೌನಿನಲ್ಲೂ ಇತ್ತು. ಪೇಟೆಯಿಂದ ಬಂದ ಅಳಿಯಂದಿರು "ಹಂದಿ ಒಂದು ಆಗಬಹುದಲ್ಲ ಮಾವ" ಅನ್ನುವುದಕ್ಕೆ ಉತ್ತರ, ಕೀ ತೆಗೆಯದಿರುವುದು.

ವಾಹನದ ಸದ್ದಿಲ್ಲದ ಊರಿನಲ್ಲಿ ಒಂದು ಈಡು ಮೂರು ಗುಡ್ಡದಾಚೆ ಕೇಳಿಸುತ್ತದೆ. ಅದಕ್ಕೆ ಬಿಡುವ ಮೊದಲು ಅಕ್ಕಪಕ್ಕದ ಮನೆಗಳ ವಾಟ್ಸ್ಯಾಪ್ ಗುಂಪಿಗೆ ಒಂದು ಸಾಲು ಹಾಕುತ್ತಿದ್ದೆ, ಇಲ್ಲವಾದರೆ ಠಾಣೆಗೆ ಫೋನು ಹೋಗುತ್ತದೆ. 2020ರ ಏಪ್ರಿಲ್ 5ರಂದು ಪ್ರಧಾನಿಯ ಕರೆಗೆ ಮನೆಮನೆಯಲ್ಲಿ ದೀಪ ಹಚ್ಚಿದ ರಾತ್ರಿಯಂಥ ಹೊತ್ತಿನಲ್ಲಿ ಉತ್ಸಾಹಕ್ಕೆ ಈಡು ಬಿಡುವುದು ಶುದ್ಧ ಮೂರ್ಖತನ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಜೀವಕ್ಕೆ ಅಪಾಯ ತರುವಂಥ ಸಂಭ್ರಮದ ಈಡಿಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತೋಟ ರಸ್ತೆಯ ಎರಡೂ ಬದಿಗೆ ಇದ್ದರೆ ನಿಷೇಧಾಜ್ಞೆಯ ದಿನಗಳಲ್ಲಿ ಕೋವಿ ರಸ್ತೆ ದಾಟಿಸುವುದೇ ಬೇಡ. ಅಡಿಕೆ ಖರೀದಿ ನಿಂತು ಗೋಣಿಗಳು ಮನೆಯಲ್ಲೇ ಉಳಿದಾಗ ಕಳ್ಳರ ಹೆದರಿಕೆಗೆ ಕೋವಿ ಹೊರಗಿಟ್ಟುಕೊಂಡವರನ್ನೂ ಕಂಡಿದ್ದೇನೆ. ಅಂಗಳದ ಅಡಿಕೆ ಕದ್ದು ಓಡುವವನ ಮೇಲೆ ಈಡು ಬಿಡುವ ಹಕ್ಕನ್ನು ಯಾವ ಕಾನೂನೂ ಕೊಡುವುದಿಲ್ಲ. ಆ ಕೆಲಸಕ್ಕೆ ನಾಯಿ, ಅಂಗಳದ ಲೈಟು, ಗಟ್ಟಿ ಬೀಗ.

ಕಾಗದದ ಕೆಲಸದಲ್ಲಿ ಜನ ಎಡವಿದ್ದು ನವೀಕರಣದಲ್ಲಿ. ಅದೇ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷವಾಯಿತು, ಮೂರು ಕೋವಿಯ ಮಿತಿ ಎರಡಕ್ಕೆ ಇಳಿಯಿತು. ಹೆಚ್ಚಿನದನ್ನು ಒಪ್ಪಿಸುವ ಗಡುವು 2020ರ ಡಿಸೆಂಬರಿಗೆ, ಎಲ್ಲರೂ ಮಾಸ್ಕಿನೊಳಗೆ ಮುಳುಗಿದ್ದಾಗ, ಬಂತು. ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ಮಣಿಪಾಲದ ರಜತಾದ್ರಿಯಲ್ಲಿ (ಉಡುಪಿಯ ಜಿಲ್ಲಾಧಿಕಾರಿ ಕಚೇರಿ) ಅರ್ಜಿ ಕೊಟ್ಟು, ಸ್ವೀಕೃತಿಯ ಕಾಗದವನ್ನು ಪುಸ್ತಕದೊಳಗೇ ಇಡುವುದು ನನ್ನ ಪದ್ಧತಿ. (ಮಂಗಳೂರು ನಗರದವರಿಗೆ ಅದು ಪೊಲೀಸ್ ಕಮಿಷನರ್ ಕಚೇರಿ. ಲೈಸೆನ್ಸಿನಿಂದ ವಿನಾಯಿತಿ ಇರುವುದು ಘಟ್ಟದ ಮೇಲಿನ ಕೊಡವರಿಗೆ, ನಮಗಲ್ಲ.) ಕೊರೋನಾ ಕಲಿಸಿದ ಇನ್ನೊಂದು ಕಾಗದ ಉಂಟು: ಲೈಸೆನ್ಸ್ ಇರುವವನೇ ಆಸ್ಪತ್ರೆಗೆ ಹೋದರೆ, ಅಥವಾ ಹಿಂದಿರುಗದಿದ್ದರೆ, ಏನು ಮಾಡಬೇಕು ಅನ್ನುವುದು. ಸತ್ತವರ ಕೋವಿಯನ್ನು ವಾರಸುದಾರರು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಿಗೆಯ ಅಂಗಡಿಯಲ್ಲೋ ಠೇವಣಿ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಬೊಜ್ಜ (ಉತ್ತರಕ್ರಿಯೆ) ಮುಗಿಯಲಿ, ನೋಡುವಾ ಅಂತ ಬಿಟ್ಟರೆ ಮಗನ ಮೇಲೆ ಕೇಸಾಗಬಹುದು. ಕೋವಿಯ ನಂಬರು, ಮೂರು ಭಾಗ ಎಲ್ಲೆಲ್ಲಿದೆ, ತೋಟೆ ಎಷ್ಟು, ಠಾಣೆಯ ಫೋನು, ಇಷ್ಟನ್ನು ಅರ್ಧ ಹಾಳೆಯಲ್ಲಿ ಬರೆದು ರೇಶನ್ ಕಾರ್ಡಿನ ಜೊತೆ ಇಟ್ಟಿದ್ದೇನೆ.

ಠೇವಣಿಯಿಂದ ಮರಳಿ ತಂದ ಕೋವಿಯ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಚುನಾವಣೆ ಬಂದರೂ ಠೇವಣಿ ಇಡಬೇಕಾಗುತ್ತದೆ, ಹಾಗಾಗಿ ಇದು ಯಾವ ಕಾಲಕ್ಕೂ ಸಲ್ಲುವ ಮಾತು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆ ಕುಂಬಾರ ಹುಳಕ್ಕೆ ಹೇಳಿ ಮಾಡಿಸಿದ ಮನೆ. ಬಾಯಿಯಿಂದ ಒಂದು ಗೇಣು ಒಳಗೆ ಮಣ್ಣಿನ ಗೂಡು ಕಟ್ಟಿ, ಜೇಡ ತುಂಬಿಸಿ, ಮುಚ್ಚಿ ಹೋಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹಾಗೆಯೇ ಈಡು ಬಿಟ್ಟರೆ ನಳಿಗೆ ಅಲ್ಲೇ ಒಡೆಯುತ್ತದೆ, ಎಡಗೈ ಇರುವುದೂ ಅದರ ಹಿಂದೆಯೇ. ನಳಿಗೆ ಕಳಚಿ, ಚೇಂಬರಿನ ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಲ್ಲಿ ನೋಡಬೇಕು: ಬೆಳಕು ಪೂರ್ತಿ ಗುಂಡಗೆ ಬಂದರೆ ಸರಿ. ಬೆಳಕೇ ಬಾರದಿದ್ದರೆ, ಇಲ್ಲವೆ ಅರ್ಧಚಂದ್ರನ ಹಾಗೆ ಕಂಡರೆ ಗಜದಿಂದ ನಿಧಾನವಾಗಿ ಚೇಂಬರಿನ ಕಡೆಗೆ ತಳ್ಳಿ, ಮಣ್ಣು ಪೂರ್ತಿ ಬಿದ್ದ ಮೇಲೆ ಸೀಮೆಎಣ್ಣೆ ಬಟ್ಟೆ, ಒಣಬಟ್ಟೆ, ಮತ್ತೊಮ್ಮೆ ಟಾರ್ಚು. ಕೇಪಿನ ಕೋವಿಗೆ ಹಿಂದಿನಿಂದ ಬೆಳಕು ಬಿಡಲಾಗದು. ಅಲ್ಲಿ ಗಜದ ಕೆಂಪು ಗೆರೆಯೇ ಸಾಕ್ಷಿ.