ಕಕ್ಕಡದ ಥಂಡಿ ಮತ್ತು ಫ್ರಿಡ್ಜಿನ ಚಿತ್ರದ ಮ್ಯಾಗ್ನೆಟ್

ಕೊಡಗಿನ ಮನೆಗಳಲ್ಲಿ ಫ್ರಿಡ್ಜಿಗೆ ಹಚ್ಚುವ ಮ್ಯಾಗ್ನೆಟ್ ಸೊರಗುವುದು ಶಕ್ತಿ ಕುಂದಿ ಅಲ್ಲ, ನೀರು ಕುಡಿದು. ಚಂದ್ರನ ಮೇಲೆ ಮಲಗಿದ ಹುಡುಗಿ, ಮೋಡದೊಳಗೆ ಈಜುವ ತಿಮಿಂಗಿಲ, ಅಪ್ಪುವಿನ ನಗುಮುಖ, ಕಾರ್ಟೂನು ಬೆಕ್ಕು, ಚಿತ್ರ ಯಾವುದಾದರೂ ಸರಿ, ಜೂನಿನಲ್ಲಿ ಹಿಡಿದ ಮಳೆ ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ತಿಂಗಳು) ಮುಗಿಯುವಷ್ಟರಲ್ಲಿ ಅಂಚಿನಿಂದ ಒಳಗಿಳಿದಿರುತ್ತದೆ. ಹಾಗಾಗಿ ಕೊಳ್ಳುವಾಗ ಚಿತ್ರಕ್ಕೆ ಮರುಳಾಗುವ ಮೊದಲು ಬೆನ್ನು ತಿರುಗಿಸಿ ನೋಡಿ.

ಬೆನ್ನಿಗೆ ಕಪ್ಪು ಬಿಲ್ಲೆ ಇದ್ದರೆ ಅದು ಫೆರೈಟ್. ತುಕ್ಕು ಹಿಡಿಯುವುದಿಲ್ಲ, ನಮ್ಮ ಹವೆಗೆ ಇದೇ ಒಳ್ಳೆಯದು. ಕೈತಪ್ಪಿ ಬಿದ್ದರೆ ಮಾತ್ರ ಮಣ್ಣಿನ ಹಣತೆಯಂತೆ ಒಡೆಯುತ್ತದೆ. ಬೆಳ್ಳಿಯಂತೆ ಹೊಳೆಯುವ ಪುಟ್ಟ ಬಿಲ್ಲೆ ನಿಯೋಡಿಮಿಯಂ. ಹಿಡಿತ ಜೋರು, ಆದರೆ ಒಳಗಿರುವುದರಲ್ಲಿ ಹೆಚ್ಚು ಪಾಲು ಕಬ್ಬಿಣ. ಮೇಲಿನ ನಿಕ್ಕಲ್ ಲೇಪ ಉಗುರಿನಷ್ಟು ಎದ್ದರೂ ಥಂಡಿಗೆ ಬಿಲ್ಲೆ ಪುಡಿಯಾಗುತ್ತ ಬಂದು, ಬಿಳಿ ಫ್ರಿಡ್ಜಿನ ಮೇಲೆ ಕಂದು ಉಂಗುರ ಬಿಡುತ್ತದೆ. ಬಣ್ಣವಿಲ್ಲದ ನೈಲ್ ಪಾಲಿಶನ್ನು ಬಿಲ್ಲೆಯ ಮುಖಕ್ಕೂ ಸುತ್ತಿನ ಅಂಚಿಗೂ ಎರಡು ಸಲ ಬಳಿಯಿರಿ, ನಡುವೆ ಅರ್ಧ ಗಂಟೆ ಒಣಗಲಿ. ಬಗ್ಗುವ ರಬ್ಬರ್ ಹಾಳೆಯದು ಚಿತ್ರಕ್ಕಷ್ಟೇ ಸಾಕು, ಕಾಗದದ ಭಾರ ಹೊರಿಸಬೇಡಿ. ಸಂಶಯವಿದ್ದರೆ ಎ4 ಹಾಳೆಯಲ್ಲಿ ಅಳೆಯಿರಿ: ಮಾಮೂಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಹಾಳೆ ಒಂದಕ್ಕೆ 5 ಗ್ರಾಂ. ನಾಲ್ಕು ಹಾಳೆ ಸಿಕ್ಕಿಸಿ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ. ಜಾರದಿದ್ದರೆ ಕರೆಂಟ್ ಬಿಲ್ಲಿಗೆ ನಂಬಬಹುದು. ಗಾಜಿನ ಬಾಗಿಲಿನ ಫ್ರಿಡ್ಜಿಗೂ ಕೆಲವು ಸ್ಟೀಲ್ ಬಾಗಿಲುಗಳಿಗೂ ಯಾವುದೂ ಹಿಡಿಯದು. ಅಂಥಲ್ಲಿ ಫ್ರಿಡ್ಜಿನ ಪಕ್ಕದ ತಗಡನ್ನೋ ಕಬ್ಬಿಣದ ಬೀರುವನ್ನೋ ನೋಡಿ.

ಚಿತ್ರ ಒಂದು ಕಡೆ, ಬಿಲ್ಲೆ ಒಂದು ಕಡೆ ಆದಾಗ ಎಲ್ಲರೂ ಕೈ ಹಾಕುವುದು ಫೆವಿಕ್ವಿಕ್ಕಿಗೆ. ಅದು ಬೇಡ. ಅದರ ಆವಿ ಚಿತ್ರದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಬಾಗಿಲು ಬಡಿದ ಪೆಟ್ಟಿಗೆ ಪುನಃ ಬಿಡುತ್ತದೆ. ಎರಡು ಟ್ಯೂಬಿನ ಅರಾಲ್ಡೈಟ್ ತನ್ನಿ. ಹಳೇ ಗೋಂದು ಕೆರೆದು, ಚಿತ್ರದ ಬೆನ್ನನ್ನು ಮಾತ್ರ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ. ಹೊಳೆಯುವ ಬಿಲ್ಲೆಯನ್ನು ತಿಕ್ಕಿದರೆ ಲೇಪ ಹೋಗುತ್ತದೆ, ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು. ಎರಡೂ ಟ್ಯೂಬಿನಿಂದ ಕಡಲೆಕಾಳಿನಷ್ಟು ಸಮನಾಗಿ ಹಿಂಡಿ, ಕಡ್ಡಿಯಲ್ಲಿ ಒಂದೇ ಬಣ್ಣ ಬರುವ ತನಕ ಕಲಸಿ ಹಚ್ಚಿ. ಒಂದು ಗೇಣಿನೊಳಗೆ ಬೇರೆ ಮ್ಯಾಗ್ನೆಟ್ ಇಡಬೇಡಿ, ಹಸಿ ಗೋಂದಿನ ಸಮೇತ ಹಾರಿ ಅದಕ್ಕೇ ಅಂಟಿಕೊಳ್ಳುತ್ತದೆ. 24 ಗಂಟೆ ಮುಟ್ಟದಿರಿ. ಮಡಿಕೇರಿಯ ಮಳೆಚಳಿಯಲ್ಲಿ ಎರಡು ದಿನ ಬಿಟ್ಟರೂ ನಷ್ಟವಿಲ್ಲ.

ಮಕ್ಕಳು ಮನೆಯಲ್ಲೇ ಮಾಡುವುದಾದರೆ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಶಾಯಿ ಥಂಡಿಗೆ ಕದಡಿ, ಕನಸಿನ ಆಕಾಶ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರೆ ಕತ್ತರಿಸಿದ ಅಂಚಿಗೇ ಮೊದಲು ವಾರ್ನಿಷ್: ನೀರು ಹೋಗುವುದು ಅಲ್ಲಿಂದಲೇ, ಒಮ್ಮೆ ಊದಿದ ಹಲಗೆ ಒಣಗಿದರೂ ಮೊದಲಿನಂತೆ ಕೂರುವುದಿಲ್ಲ. ಗರಿ ತೂಗುವ ಡ್ರೀಮ್‌ಕ್ಯಾಚರ್ ಮ್ಯಾಗ್ನೆಟ್ ಮಳೆಗಾಲಕ್ಕೆ ಆಗದ ಮಾತು. ಉತ್ತರ ಅಮೆರಿಕದ ಒಜಿಬ್ವೆ ಜನ ಅದನ್ನು ಕೆಟ್ಟ ಕನಸು ಹಿಡಿಯಲೆಂದು ಕಟ್ಟಿದರು, ಇಲ್ಲಿ ಅದು ಹಿಡಿಯುವುದು ಬೂಷ್ಟನ್ನು.

ಮಳೆಗಾಲದಲ್ಲಿ ಬಾಗಿಲಿನ ರಬ್ಬರ್ ಪಟ್ಟಿಯ ಸುತ್ತ ಫ್ರಿಡ್ಜು ಬೆವರುತ್ತದೆ, ಅಲ್ಲಿಂದ ನಾಲ್ಕು ಬೆರಳು ಬಿಟ್ಟು ಹಚ್ಚಿ. ವಾರಕ್ಕೊಮ್ಮೆ ಎಲ್ಲ ತೆಗೆದು ಹಿಂದುಮುಂದು ಒಣಬಟ್ಟೆಯಲ್ಲಿ ಒರೆಸಿ. ಎಳೆದು ಸರಿಸಿದರೆ ಕೆಳಗೆ ಸಿಕ್ಕ ಮರಳು ಬಣ್ಣ ಗೀರುತ್ತದೆ, ಎತ್ತಿಯೇ ತೆಗೆಯಿರಿ. ಬೂಷ್ಟು ಹಿಡಿದದ್ದನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ. ಮಸಿಯ ಮಾತು ಬಿಡಿ, ಸಾಧಾರಣ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ಮರಳದು. ಇಷ್ಟದ್ದನ್ನೆಲ್ಲ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಗೆ ಹಾಕಿ, ಸೆಪ್ಟೆಂಬರ್ ಆರಂಭದ ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತ ಕಳೆದು ಬಿಸಿಲು ಕಂಡ ಮೇಲೆ ಹೊರತೆಗೆಯಿರಿ.

ತೆವಳುವ ಮಗು ಇರುವ ಮನೆಗೆ ಹೊಳೆಯುವ ಬಿಲ್ಲೆ ಬೇಡವೇ ಬೇಡ. ಎರಡು ನುಂಗಿದರೆ ಕರುಳಿನ ಪದರವನ್ನು ನಡುವೆ ಹಿಡಿದು ಒತ್ತಿ ತೂತು ಮಾಡುತ್ತವೆ. ಬಾಳೆಹಣ್ಣು ತಿನ್ನಿಸುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅಂಗಿಯ ಜೇಬಿನಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಾರದು, ಎದೆಯಿಂದ 15 ಸೆಂಟಿಮೀಟರ್ ದೂರವಾದರೂ ಇರಲಿ.