ಸ್ಟ್ರೆಚರ್ ಕಂಬಿ: ‘ಟಕ್’ ಅಂದರೆ ಸಾಲದು

ಮಡಿಕೇರಿಯಲ್ಲಿ ತುರ್ತು ವಿಭಾಗದ ನರ್ಸ್ ನಾನು. ಕಾಳುಮೆಣಸು ಕೊಯ್ಲು ಶುರುವಾದರೆ ಏಣಿಯಿಂದ ಬಿದ್ದವರು ಬರುತ್ತಾರೆ, ಮಳೆ ಹಿಡಿದರೆ ಅಂಗಳದಲ್ಲಿ ಜಾರಿದವರು. ಎಲ್ಲರೂ ಮೊದಲು ಮಲಗುವುದು ಸ್ಟ್ರೆಚರ್ ಮೇಲೆ. ಅದರ ಪಕ್ಕದ ಕಂಬಿ ಇರುವುದು ಒಂದೇ ಕೆಲಸಕ್ಕೆ: ಮಲಗಿದವರು ಉರುಳಿ ಬೀಳದಂತೆ ತಡೆಯಲು. ನಾವು ಅದರಿಂದ ಬೇರೆ ಹತ್ತು ಕೆಲಸ ಮಾಡಿಸುತ್ತೇವೆ, ತೊಂದರೆ ಬರುವುದು ಅಲ್ಲೇ.

ಕಂಬಿ ಎತ್ತಿದಾಗ ‘ಟಕ್’ ಅನ್ನುತ್ತದೆ. ನಾನು ಅಷ್ಟಕ್ಕೇ ಬಿಡುವುದಿಲ್ಲ. ಹಿಡಿದು ಒಮ್ಮೆ ನನ್ನ ಕಡೆಗೆ, ಒಮ್ಮೆ ಕೆಳಕ್ಕೆ ಜಗ್ಗಿ ನೋಡುತ್ತೇನೆ. ನಮ್ಮೂರ ಚಳಿಗೆ ಕಂಬಳಿ ಮೇಲೆ ಕಂಬಳಿ ಹೊದಿಸುತ್ತೇವಲ್ವಾ, ಅದರ ಅಂಚು ಲಾಕಿನೊಳಗೆ ಸಿಕ್ಕಿಕೊಂಡರೂ ಸದ್ದು ಬರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಜಗ್ಗಿದರೆ ಕಂಬಿ ಅಲ್ಲೇ ಕುಸಿಯುತ್ತದೆ.

ಇಳಿಸುವಾಗ ಬೆರಳು ನೋಡಬೇಕು. ವಯಸ್ಸಾದವರು ಕಂಬಿಯನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ. “ಅಜ್ಜಿ, ಕೈ ಹೊಟ್ಟೆ ಮೇಲೆ ಇಟ್ಕೊಳ್ಳಿ, ಕಂಬಿ ಇಳಿಸ್ತೀನಿ” ಅಂತ ಹೇಳಿ, ಕೈ ಬಂದ ಮೇಲೆಯೇ ಲಾಕ್ ಬಿಡಿಸುತ್ತೇನೆ. ಡ್ರಿಪ್ ಪೈಪು ಸರಳುಗಳ ನಡುವೆ ಹಾದು ಹೋಗಿದೆಯಾ ಅಂತಲೂ ನೋಡುತ್ತೇನೆ. ಮೂತ್ರದ ಚೀಲವನ್ನು ಕಂಬಿಗೆ ತೂಗುವುದಂತೂ ಬೇಡವೇ ಬೇಡ. ಕಂಬಿ ಎತ್ತಿದರೆ ಚೀಲವೂ ಮೇಲೇರಿ ಮೂತ್ರ ವಾಪಸ್ ಹರಿಯುತ್ತದೆ. ಕೆಳಗಿನ ಫ್ರೇಮಿಗೆ ಹಾಕಿ.

ಮಂಚಕ್ಕೆ ಬದಲಿಸುವಾಗ ಎರಡರ ಬ್ರೇಕನ್ನೂ ಹಾಕಿ, ಮಂಚದ ಕಡೆಯ ಕಂಬಿ ಮಾತ್ರ ಇಳಿಸುತ್ತೇನೆ.

ತಲೆಗೆ ಪೆಟ್ಟಾದವರು, ಕುಡಿದವರು, ಜ್ವರದಲ್ಲಿ ಬಡಬಡಿಸುವವರ ವಿಷಯ ಬೇರೆ. ಇವರು ಕಂಬಿ ಹತ್ತಿ ಇಳಿಯಲು ನೋಡುತ್ತಾರೆ. ಕಂಬಿಯ ಮೇಲಿಂದ ಬಿದ್ದರೆ ಇನ್ನೂ ಎತ್ತರದಿಂದ ಬಿದ್ದ ಹಾಗಾಯಿತು. ಅಂಥವರಿಗೆ ಸ್ಟ್ರೆಚರನ್ನು ಪೂರ್ತಿ ತಗ್ಗಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುತ್ತೇನೆ. ಸಣಕಲು ದೇಹದವರಾದರೆ ಸಂದಿನಲ್ಲಿ ತಲೆ ಸಿಕ್ಕುವ ಭಯವೂ ಇದೆ. ಆಸ್ಪತ್ರೆ ಮಂಚದ ಕಂಬಿಗಳ ಸಂದು 120 ಮಿಲಿಮೀಟರಿಗಿಂತ ಕಡಿಮೆ ಇರಲಿ ಎಂದು ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2006ರಲ್ಲಿ ಹೇಳಿದೆ. ಸ್ಟ್ರೆಚರಿಗೂ ನಾನು ಅದೇ ಲೆಕ್ಕ ಹಿಡಿಯುತ್ತೇನೆ. ಟೇಪ್ ಹಿಡಿದು ಅಳೆಯಲು ಎಷ್ಟು ಹೊತ್ತು ಬೇಕು?

ನಮ್ಮದು ಏರು-ತಗ್ಗಿನ ಊರು, ರ‍್ಯಾಂಪೂ ಹಾಗೇ. ಸಹಾಯಕ್ಕೆ ಬಂದ ನೆಂಟರು ಸುಮ್ನೆ ಕಂಬಿ ಹಿಡಿದು ಎಳೆಯುತ್ತಾರೆ. “ಅಣ್ಣ, ಅದು ಬಿಡಿ, ತುದಿಯ ಹಿಡಿ ಹಿಡ್ಕೊಳ್ಳಿ” ಅನ್ನಬೇಕಾಗುತ್ತದೆ. ಇಳಿಜಾರಿನಲ್ಲಿ ಕಾಲು ಮುಂದೆ, ತಲೆ ಮೇಲ್ಗಡೆ.

ಮಂಗಳೂರಿಗೆ ಕಳಿಸುವಾಗ ಸಂಪಾಜೆ ಘಾಟಿ ಇಳಿಯಬೇಕು. ಅಲ್ಲಿ ಬ್ರೇಕ್ ಹೊಡೆದರೆ ದೇಹ ಪಕ್ಕಕ್ಕಲ್ಲ, ಮುಂದಕ್ಕೆ ಜಾರುತ್ತದೆ. ಕಂಬಿ ಅದನ್ನು ತಡೆಯದು. ಹಾಗಾಗಿ ಎದೆ, ಸೊಂಟ, ಕಾಲಿನ ಬೆಲ್ಟ್ ಜೊತೆ ಭುಜದ ಬೆಲ್ಟನ್ನೂ ಹಾಕಿಸಿಯೇ ಆಂಬುಲೆನ್ಸಿನ ಬಾಗಿಲು ಮುಚ್ಚಿಸುತ್ತೇನೆ.