ಟಿಎಫ್‌ಎಸ್‌ಎ ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ಲೆಕ್ಕ ಬ್ಯಾಂಕಿಗೆ ಬಿಡಬೇಡಿ

ಕೆನಡಾಕ್ಕೆ ಬಂದು, ಇಲ್ಲಿ ಕೆಲಸಕ್ಕೂ ತೆರಿಗೆಗೂ ಬೇಕಾದ ಸಿನ್ ನಂಬರ್ ಕೈಗೆ ಬಂತು ಅಂದರೆ ಬ್ಯಾಂಕಿನವರ ಮೊದಲ ಮಾತೇ ‘ಟಿಎಫ್‌ಎಸ್‌ಎ ತೆರೆಯಿರಿ’. ಅಂದರೆ ಟ್ಯಾಕ್ಸ್-ಫ್ರೀ ಸೇವಿಂಗ್ಸ್ ಅಕೌಂಟ್, ತೆರಿಗೆ ಇಲ್ಲದ ಉಳಿತಾಯ ಖಾತೆ. ತೆರೆಯಿರಿ, ಒಳ್ಳೆಯದೇ. ಒಳಗೆ ಬೆಳೆದ ಹಣಕ್ಕೆ ತೆರಿಗೆ ಇಲ್ಲ. 18 ತುಂಬಿರಬೇಕು, ಬ್ರಿಟಿಷ್ ಕೊಲಂಬಿಯಾದಂಥ ಕೆಲವು ಪ್ರಾಂತ್ಯಗಳಲ್ಲಿ ತೆರೆಯೋದಕ್ಕೆ 19. ಉಳಿದ ಕಾಗದಪತ್ರ ಫೋನಿನಲ್ಲೇ ಮುಗಿಯುತ್ತದೆ.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ, ಒಂದಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಹುದಾ? ಊರಲ್ಲಿ ಪಿಪಿಎಫ್ ಒಬ್ಬರಿಗೆ ಒಂದೇ ಅಲ್ವಾ, ಆ ಭಯ ಕೆಲವರಿಗೆ ಇಲ್ಲೂ ಹೋಗಿರುವುದಿಲ್ಲ. ಇನ್ನು ಕೆಲವರದು ಉಲ್ಟಾ. ಬ್ಯಾಂಕಿಗೊಂದು ತೆರೆದು, ಒಂದೊಂದಕ್ಕೂ ಬೇರೆ ಮಿತಿ ಇದೆ ಅಂದುಕೊಳ್ಳುತ್ತಾರೆ. ಇಬ್ಬರದೂ ತಪ್ಪು. ಖಾತೆ ಎಷ್ಟಾದರೂ ಇರಲಿ, ಮಿತಿ ತಲೆಗೆ ಒಂದೇ. ರೇಷನ್ ಅಂಗಡಿಗೆ ಚೀಲ ಎಷ್ಟು ಒಯ್ದರೂ ಸಿಗುವ ಅಕ್ಕಿ ಕಾರ್ಡಿನಲ್ಲಿ ಬರೆದಷ್ಟೇ.

ಆ ಮಿತಿಗೆ ಇಲ್ಲಿ ‘ರೂಮ್’ ಅನ್ನುತ್ತಾರೆ, ಅದು ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಯೋಜನೆ ಶುರುವಾದದ್ದು 2009ರಲ್ಲಿ. ಆಗಲೇ ಇಲ್ಲಿದ್ದ, 18 ದಾಟಿದ್ದ ಹಳಬರಿಗೆ 2026ಕ್ಕೆ ಒಟ್ಟು 1,09,000 ಡಾಲರ್ ರೂಮ್ ಆಗಿದೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಯಾರೋ ಈ ಅಂಕಿ ಹೇಳಿದರೆ ಅದನ್ನೇ ನಿಮ್ಮದೂ ಅಂದುಕೊಂಡು ಮನೆಗೆ ಬರಬೇಡಿ. ನಿಮ್ಮ ಎಣಿಕೆ ಶುರುವಾಗುವುದು ನೀವು ಇಲ್ಲಿನ ನಿವಾಸಿಯಾದ ವರ್ಷದಿಂದ. ಒಂದು ಸಮಾಧಾನ ಏನೆಂದರೆ, ಡಿಸೆಂಬರಿನಲ್ಲಿ ಇಳಿದರೂ ಆ ವರ್ಷದ ಪೂರ್ತಿ ಮೊತ್ತ ಸಿಗುತ್ತದೆ. 2023ರ ನವೆಂಬರಿನಲ್ಲಿ ಬಂದವರಿಗೆ ಆ ವರ್ಷದ್ದು 6,500, ಆಮೇಲಿನ ಮೂರು ವರ್ಷದ್ದು ತಲಾ 7,000. 2026ಕ್ಕೆ ಒಟ್ಟು 27,500. ಲೆಕ್ಕ ಜನವರಿಯಿಂದ ಡಿಸೆಂಬರಿಗೆ. ಮಾರ್ಚ್ ಕೊನೆಯ ಓಡಾಟವನ್ನು ಊರಲ್ಲೇ ಬಿಟ್ಟು ಬನ್ನಿ.

ಈಗ ನಾನು ದುಡ್ಡು ಕೊಟ್ಟು ಕಲಿತ ಪಾಠ. ನನ್ನ ರೂಮ್ ಪೂರ್ತಿ ಒಂದೇ ಬ್ಯಾಂಕಿನಲ್ಲಿ ತುಂಬಿತ್ತು. ಇನ್ನೊಂದು ಬ್ಯಾಂಕು ಕೆಲವು ತಿಂಗಳ ಮಟ್ಟಿಗೆ ಜಾಸ್ತಿ ಬಡ್ಡಿ ಕೊಡುತ್ತೇವೆ ಅಂತು. ಮಾರ್ಚಿನಲ್ಲಿ ಹಳೆಯದರಿಂದ 9,000 ತೆಗೆದೆ, ಹೊಸದಕ್ಕೆ ಹಾಕಿದೆ. ನನ್ನದೇ ದುಡ್ಡು, ಈ ಜೇಬಿನಿಂದ ಆ ಜೇಬಿಗೆ, ಇದರಲ್ಲಿ ಏನು ತಪ್ಪು? ತಪ್ಪು ಇದೆ. ತೆಗೆದ ಹಣದ ರೂಮ್ ವಾಪಸ್ ಬರುವುದು ಮುಂದಿನ ಜನವರಿ 1ಕ್ಕೆ. ಅಲ್ಲಿಯವರೆಗೆ ನಾನು ಹಾಕಿದ 9,000ವೂ ಮಿತಿ ಮೀರಿದ ಹಣ. ಅದಕ್ಕೆ ದಂಡದ ತೆರಿಗೆ ತಿಂಗಳಿಗೆ ನೂರಕ್ಕೆ ಒಂದು, ಅಂದರೆ 90 ಡಾಲರ್. ಮಾರ್ಚಿನಿಂದ ಡಿಸೆಂಬರ್, ಹತ್ತು ತಿಂಗಳು, 900 ಡಾಲರ್! ಸಿಕ್ಕ ಹೆಚ್ಚುವರಿ ಬಡ್ಡಿಯಲ್ಲಿ ಎರಡು ವಾರದ ತರಕಾರಿಯೂ ಬರುತ್ತಿರಲಿಲ್ಲ. ಎರಡೂ ಬ್ಯಾಂಕಿನವರು ನಗುನಗುತ್ತಾ ಕೆಲಸ ಮಾಡಿಕೊಟ್ಟರು, ಒಬ್ಬರೂ ತಡೆಯಲಿಲ್ಲ. ಒಂದು ಬ್ಯಾಂಕಿಗೆ ಇನ್ನೊಂದರ ಲೆಕ್ಕ ಕಾಣುವುದಿಲ್ಲ, ನೋಡಿ. ತೆರಿಗೆ ಇಲಾಖೆಯ ಪತ್ರ ಬಂದದ್ದು ಮರುವರ್ಷ.

ಹಣ ಸಾಗಿಸಬೇಕಾದರೆ ನೀವು ಮುಟ್ಟಬೇಡಿ. ಹೊಸ ಬ್ಯಾಂಕಿಗೆ ಹೋಗಿ ನೇರ ವರ್ಗಾವಣೆಯ ಫಾರಂ ತುಂಬಿ, ಅವರೇ ಹಳೆಯ ಕಡೆಯಿಂದ ತರಿಸಿಕೊಳ್ಳಲಿ. ಹಳೆಯ ಬ್ಯಾಂಕು ಸ್ವಲ್ಪ ಶುಲ್ಕ ಕಿತ್ತುಕೊಳ್ಳಬಹುದು, ಎಷ್ಟೋ ಸಲ ಕೇಳಿದರೆ ಹೊಸಬರು ಅದನ್ನೂ ಕೊಡುತ್ತಾರೆ. ನಿವೃತ್ತಿಗೆಂದು ಇಡುವ ಆರ್‌ಆರ್‌ಎಸ್‌ಪಿ ಖಾತೆಯಲ್ಲಿ 2,000 ಡಾಲರ್ ತನಕ ಹೆಚ್ಚು ಕಡಿಮೆ ಆದರೆ ಸುಮ್ನೆ ಬಿಡುತ್ತಾರೆ. ಇಲ್ಲಿ ಆ ಔದಾರ್ಯ ಇಲ್ಲ.

ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ರೂಮ್ ಕಾಣುತ್ತದೆ ನಿಜ. ಆದರೆ ಅದು ಜನವರಿ 1ರ ಲೆಕ್ಕ. ಹೋದ ವರ್ಷದ ವಿವರವನ್ನು ಬ್ಯಾಂಕುಗಳು ಕಳಿಸುವುದೇ ಫೆಬ್ರವರಿ ಕೊನೆಯೊಳಗೆ, ಹಾಗಾಗಿ ಅದಕ್ಕೆ ಮುಂಚೆ ನೋಡಿದರೆ ಅಂಕಿ ಹಳೆಯದಿರುತ್ತದೆ. ಈ ಏಪ್ರಿಲಿನಲ್ಲಿ ಹಾಕಿದ್ದು ಅದಕ್ಕೆ ಗೊತ್ತೇ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಊರಿಂದ ತರಿಸಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಕಿದ ದಿನ, ಹಾಕಿದ ಮೊತ್ತವನ್ನು ನನ್ನ ಹೆಂಡತಿ ಅದರಲ್ಲೇ ಬರೆಯುತ್ತಾಳೆ. ಸಂಕಷ್ಟಿಯ ಮನೆಯಲ್ಲಿ ಚಂದ್ರೋದಯದ ಪಕ್ಕ ‘500, ಎರಡನೇ ಬ್ಯಾಂಕ್’. ಆ ಕ್ಯಾಲೆಂಡರಿನಷ್ಟು ನಂಬಿಕೆ ನನಗೆ ಯಾವ ಆ್ಯಪ್ ಮೇಲೂ ಇಲ್ಲ.

ಅಷ್ಟಕ್ಕೂ ನಮಗೆ ಇಷ್ಟೊಂದು ಖಾತೆ ಯಾಕೆ ಬೇಕು? ಉಳಿತಾಯಕ್ಕೆ ಒಂದು, ಷೇರು ತೆಗೆದುಕೊಳ್ಳುವವರಿಗೆ ಬ್ರೋಕರ್ ಹತ್ತಿರ ಇನ್ನೊಂದು. ಎರಡು ಸಾಕು. ಬ್ಯಾಂಕು ಮುಳುಗಿದರೆ ಅಂತ ದುಡ್ಡನ್ನು ನಾಲ್ಕು ಕಡೆ ಹರಡುವವರಿದ್ದಾರೆ. ಠೇವಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಸಿಡಿಐಸಿಯ ಸದಸ್ಯ ಬ್ಯಾಂಕಿನಲ್ಲಿ ಟಿಎಫ್‌ಎಸ್‌ಎ ಠೇವಣಿಗೆ ಪ್ರತ್ಯೇಕವಾಗಿ 1,00,000 ಡಾಲರ್ ತನಕ ವಿಮೆ ಇದೆ, ಹೊಸಬರಿಗೆ ಅದು ಧಾರಾಳ. ನಿಜ ಹೇಳಬೇಕೆಂದರೆ ಇದು ಮನೆಯಿಂದ ಬಂದ ಅಭ್ಯಾಸ. ಅಮ್ಮನ ದುಡ್ಡು ಸ್ವಲ್ಪ ಪೋಸ್ಟಾಫೀಸಿನಲ್ಲಿ, ಸ್ವಲ್ಪ ಸಹಕಾರಿ ಬ್ಯಾಂಕಿನಲ್ಲಿ, ಸ್ವಲ್ಪ ಚೀಟಿಯಲ್ಲಿ, ಉಳಿದದ್ದು ಸಾಸಿವೆ ಡಬ್ಬಿಯಲ್ಲಿ. ಆದರೆ ಅಲ್ಲಿ ಪ್ರತಿ ಖಾತೆಯ ಹಿಂದೆ ಒಬ್ಬ ಮನುಷ್ಯ ಇದ್ದ. ಆರ್‌ಡಿ ದುಡ್ಡಿಗೆ ತಿಂಗಳು ತಿಂಗಳು ಬರುವ ಏಜೆಂಟ್ ಆಂಟಿ ಕಾಫಿ ಕುಡಿದು, ಪಾಸ್‌ಬುಕ್ಕಿಗೆ ಬರೆದು, ನಿಮ್ಮ ಇನ್ನೊಂದು ಖಾತೆ ಮುಂದಿನ ತಿಂಗಳು ಮುಗಿಯುತ್ತೆ ಕಣ್ರೀ ಅಂತ ನೆನಪಿಸಿ ಹೋಗುತ್ತಿದ್ದರು. ಇಲ್ಲಿ ಯಾರು ನೆನಪಿಸುತ್ತಾರೆ?

ಅದಕ್ಕೇ ಇದೊಂದನ್ನು ತಪ್ಪಿಸಬೇಡಿ. ಜಂಟಿ ಟಿಎಫ್‌ಎಸ್‌ಎ ಅನ್ನುವುದು ಇಲ್ಲ. ಗಂಡ ಹೆಂಡತಿ ಬೇರೆ ಬೇರೆ ತೆರೆಯಬೇಕು, ಒಬ್ಬರು ಇನ್ನೊಬ್ಬರ ಖಾತೆಗೆಂದು ದುಡ್ಡು ಕೊಡಬಹುದು. ಖಾತೆದಾರ ತೀರಿಕೊಂಡರೆ ಸಂಗಾತಿಗೆ ಖಾತೆ ಹಾಗೇ ಮುಂದುವರಿಯಬೇಕು ಅಂದರೆ ‘ಸಕ್ಸೆಸರ್ ಹೋಲ್ಡರ್’ ಹೆಸರು ಬರೆಸಬೇಕು, ಪ್ರತಿಯೊಂದು ಖಾತೆಗೂ ಬೇರೆ ಬೇರೆ. ಕ್ವಿಬೆಕ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ವಿಲ್ ಮಾಡಿಸಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿಗೆ ಗಂಡನ ಖಾತೆ ಎಲ್ಲೆಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಮಕ್ಕಳ ಹೆಸರಲ್ಲಿ ಇಡೋಣ ಅನ್ನುತ್ತೀರಿ. ಆಗುವುದಿಲ್ಲ. ಅವರ ಓದಿಗೆ ಆರ್‌ಇಎಸ್‌ಪಿ ಅನ್ನುವ ಉಳಿತಾಯ ಖಾತೆ ಇದೆ, ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ. 18 ಆದ ವರ್ಷ ಅವರಿಗೂ ಅವರದೇ ರೂಮ್ ಹುಟ್ಟುತ್ತದೆ. ನಮ್ಮ ಮಗಳು ಮಂಚದ ಮೇಲೆ ಮಲಗಿಕೊಂಡೇ ಫೋನಿನಲ್ಲಿ ಖಾತೆ ತೆರೆದಳು, ನಮ್ಮನ್ನು ಕೇಳಲಿಲ್ಲ. ಇಲ್ಲಿ ಎಷ್ಟು ವರ್ಷ ಇರುತ್ತೇನೆ ಅನ್ನುವ ಪ್ರಶ್ನೆ ಅವಳಿಗೆ ಇಲ್ಲ. ನಾವು ಮಾತ್ರ ಇನ್ನೂ ಮೈಸೂರಿನ ಸೈಟಿನ ಬೇಲಿ ಸರಿಮಾಡಿಸುತ್ತಾ ಕೂತಿದ್ದೇವೆ.

ವಾಪಸ್ ಹೋಗುವ ಯೋಚನೆ ಇರುವವರಿಗೆ ಎರಡು ಮಾತು. ಅನಿವಾಸಿಗಳು ಭಾರತದಲ್ಲಿ ಇಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಆದರೆ ಕೆನಡಾದಲ್ಲಿ ಇರುವಷ್ಟು ದಿನ ಇಲ್ಲಿ ತೋರಿಸಲೇಬೇಕು. ಅದೇ ರೀತಿ ಊರಿಗೆ ಹೋಗಿ ಅಲ್ಲಿನ ನಿವಾಸಿಯಾದ ಮೇಲೆ, ಇಲ್ಲಿ ತೆರಿಗೆ ಇಲ್ಲದ ಟಿಎಫ್‌ಎಸ್‌ಎ ಆದಾಯವನ್ನು ಭಾರತ ಕೇಳಬಹುದು. ಖಾತೆ ಉಳಿಸಿಕೊಳ್ಳಬಹುದು. ಹೊಸ ರೂಮ್ ಹುಟ್ಟುವುದಿಲ್ಲ, ಹೊಸದಾಗಿ ಹಾಕಿದರೆ ಅದನ್ನು ತೆಗೆಯುವ ತನಕ ಅದೇ ತಿಂಗಳಿಗೆ ನೂರಕ್ಕೆ ಒಂದು. ಸಂಬಳದ ದಿನ ತಾನಾಗೇ ಹೋಗುವ ಕಂತು ಇಟ್ಟಿದ್ದರೆ ವಿಮಾನ ಹತ್ತುವ ಮೊದಲು ನಿಲ್ಲಿಸಿ, ಎಲ್ಲ ಖಾತೆಯದ್ದೂ.